ಗರಡಿ ಎಂಬ ಶಬ್ದವೂ ತುಳುನಾಡಿನ ಅಂಗಸಾಧನೆಯ ಚರಿತ್ರೆಯೂ

೧

ಘಟ್ಟದ ಮೇಲಣ ಕನ್ನಡನಾಡಿನಲ್ಲಿ ‘ಗರಡಿ’ ಎಂದರೆ ಜಟ್ಟಿಗಳು ಸಾಮುಮಾಡುವ ಮನೆ. ಅಲ್ಲಿ ಕೆಮ್ಮಣ್ಣಿನ ಅಖಾಡವಿರುತ್ತದೆ, ಗೋಡೆಗೆ ಒರಗಿಸಿದ ಗದೆಗಳಿರುತ್ತವೆ, ಎತ್ತುವ ಕಲ್ಲುಗುಂಡುಗಳಿರುತ್ತವೆ. ಬೆಳಗಿನ ಜಾವದಲ್ಲಿ ಹುಡುಗರು ಬಂದು ದಂಡೆ ಬಸ್ಕಿಗಳನ್ನು ಹೊಡೆದು, ಮೈಗೆ ಮಣ್ಣು ಹಚ್ಚಿಕೊಂಡು, ಹಿರಿಯರ ಮುಂದೆ ಪಟ್ಟುಗಳನ್ನು ಕಲಿಯುತ್ತಾರೆ. ಅದೇ ಶಬ್ದವನ್ನು ಘಟ್ಟದ ಕೆಳಗೆ ಪುತ್ತೂರು, ಸುಳ್ಯ, ಕಡಬಗಳ ಸೀಮೆಯಲ್ಲಿ ಉಚ್ಚರಿಸಿದರೆ ಕೇಳಿದವನ ಮನಸ್ಸಿಗೆ ಬರುವ ಚಿತ್ರವೇ ಬೇರೆ. ಅಲ್ಲಿ ಗರಡಿಯೆಂದರೆ ದೇವಸ್ಥಾನ. ಕುದುರೆಯನ್ನೇರಿದ ಬ್ರಹ್ಮಬೆರ್ಮೆರು, ಕೋಟಿ ಚೆನ್ನಯರೆಂಬ ಅವಳಿ ವೀರರು, ಮಾಯಂದಾಲ್, ಜೋಗಿಪುರುಷ ಮೊದಲಾದ ಶಕ್ತಿಗಳು ಅಲ್ಲಿ ನೆಲೆಗೊಂಡಿರುತ್ತಾರೆ. ವರ್ಷಕ್ಕೊಮ್ಮೆ ನೇಮವಾಗುತ್ತದೆ, ದೀಪವಿಡುವುದಕ್ಕೂ ಹರಕೆ ಸಲ್ಲಿಸುವುದಕ್ಕೂ ಜನರು ಬರುತ್ತಾರೆ. ಮಲ್ಲಯುದ್ಧವನ್ನು ಕಲಿಯುವುದಕ್ಕೆ ಅಲ್ಲಿಗೆ ಯಾರೂ ಬರುವುದಿಲ್ಲ.

ಒಂದೇ ಭಾಷಾಕುಟುಂಬಕ್ಕೆ ಸೇರಿದ, ಒಂದೇ ಅರಸುಮನೆತನಗಳ ಆಳಿಕೆಯನ್ನು ಕಂಡ ಎರಡು ನೆರೆನಾಡುಗಳಲ್ಲಿ ಒಂದೇ ಶಬ್ದವು ಒಂದೆಡೆ ಸಾಧನೆಯ ಮನೆಯಾಗಿ, ಇನ್ನೊಂದೆಡೆ ಆರಾಧನೆಯ ಮನೆಯಾಗಿ ನಿಂತುದಕ್ಕೆ ಕಾರಣವೇನು? ಇದು ಬರಿಯ ನಿಘಂಟುಕಾರರ ಪ್ರಶ್ನೆಯಲ್ಲ. ತುಳುನಾಡಿನ ಸಾಮಾನ್ಯ ಜನರು ಒಂದು ಕಾಲದಲ್ಲಿ ಆಯುಧವಿದ್ಯೆಯನ್ನೂ ಕೈಕಾಲುಗಳ ಕಾದಾಟವನ್ನೂ ಕ್ರಮವಾಗಿ ಕಲಿತಿದ್ದರೆ, ಆ ವಿದ್ಯೆ ಎಲ್ಲಿ ಹೋಯಿತು, ಯಾವುದರಿಂದ ಹೋಯಿತು, ಅದರ ಗುರುತು ಎಲ್ಲಿ ಉಳಿದಿದೆ ಎಂಬ ಪ್ರಶ್ನೆಗಳು ಇದರೊಡನೆಯೇ ಏಳುತ್ತವೆ.

೨

ಮೊದಲು ಶಬ್ದವನ್ನು ಪರಿಶೀಲಿಸುವುದು ಯುಕ್ತ. ಕನ್ನಡದಲ್ಲಿ ‘ಗರಡಿ’, ‘ಗರುಡಿ’ ಎಂಬ ಎರಡು ರೂಪಗಳೂ ಬಳಕೆಯಲ್ಲಿವೆ. ಕುಮಾರವ್ಯಾಸನ ಭಾರತದಲ್ಲಿ ದ್ರೋಣನಿಗೆ ‘ಗರುಡಿಯಾಚಾರ್ಯ’ ಎಂಬ ಹೆಸರು ಸಲ್ಲುತ್ತದೆ. ಅಲ್ಲಿ ಅರ್ಥವು ಶಸ್ತ್ರವಿದ್ಯೆಯ ಶಾಲೆಯೆಂಬುದರಲ್ಲಿ ಸಂದೇಹವಿಲ್ಲ. ತೆಲುಗಿನಲ್ಲಿಯೂ ‘ಗರಿಡಿ’, ‘ಗರಡಿ’ ಎಂಬ ರೂಪಗಳು ಅದೇ ಅರ್ಥದಲ್ಲಿವೆ. ತಮಿಳಿನಲ್ಲಿ ‘ಕರಡಿ’ ಎಂಬುದು ಕತ್ತಿವರಸೆಗೂ, ‘ಕರಡಿಕ್ಕೂಡಂ’ ಎಂಬುದು ಅದನ್ನು ಕಲಿಸುವ ಮನೆಗೂ ಹೆಸರು. ತುಳುವಿನ ‘ಗರಡಿ’, ‘ಗರೊಡಿ’ಗಳು ಈ ಸಾಲಿಗೇ ಸೇರತಕ್ಕವು. ಹೀಗೆ ನಾಲ್ಕು ಭಾಷೆಗಳಲ್ಲಿ ಮೂರರಲ್ಲಿ ಶಬ್ದದ ಮುಖ್ಯಾರ್ಥವು ಸಾಧನೆಯ ಮನೆ ಅಥವಾ ಆ ಸಾಧನೆಯೇ ಆಗಿರುವಾಗ, ತುಳುವಿನ ದೇವಸ್ಥಾನವೆಂಬ ಅರ್ಥವೇ ಈಚಿನದೆಂದು ಭಾವಿಸುವುದು ನ್ಯಾಯವಾಗಿದೆ.

ಮಲೆಯಾಳದ ‘ಕಳರಿ’ ಶಬ್ದವನ್ನು ಗರಡಿಯೊಡನೆ ಒಂದುಗೂಡಿಸುವ ವಾಡಿಕೆಯುಂಟು. ಕಳರಿಯು ‘ಕಳ’ ಎಂಬ ಮೂಲದಿಂದ ಬಂದುದು. ಒಕ್ಕುವ ಕಣಕ್ಕೂ ಯುದ್ಧದ ರಂಗಕ್ಕೂ ಹಳಗನ್ನಡದಲ್ಲಿ ಕಳವೆಂದೇ ಹೆಸರು. ಸಂಸ್ಕೃತದ ‘ಖಲೂರಿಕಾ’ ಎಂಬ ಶಬ್ದವೂ ಈ ಮೂಲದಿಂದಲೇ ಹೋಗಿರಬೇಕೆಂದು ದ್ರಾವಿಡಭಾಷಾಶಾಸ್ತ್ರಜ್ಞರು ಸೂಚಿಸಿರುವರು. ಆದರೆ ಕಳರಿಯಲ್ಲಿ ಳಕಾರವು ಮೊದಲು, ರೇಫವು ಆಮೇಲೆ. ಗರಡಿಯಲ್ಲಿ ರೇಫವು ಮೊದಲು, ಡಕಾರವು ಆಮೇಲೆ. ಎರಡೂ ಒಂದೇ ಎನ್ನಬೇಕಾದರೆ ಅಕ್ಷರಗಳ ಪಲ್ಲಟವನ್ನೂ ವ್ಯತ್ಯಾಸವನ್ನೂ ಒಟ್ಟಿಗೆ ಒಪ್ಪಬೇಕಾಗುತ್ತದೆ. ಅರ್ಥಸಾಮ್ಯವೊಂದರಿಂದಲೇ ಮೂಲೈಕ್ಯವು ಸಿದ್ಧವಾಗುವುದಿಲ್ಲ. ಆದುದರಿಂದ ಗರಡಿಯೂ ಕಳರಿಯೂ ಕಾರ್ಯದಲ್ಲಿ ಅಣ್ಣತಮ್ಮಂದಿರೆಂದು ಹೇಳಬಹುದೇ ಹೊರತು ಶಬ್ದದಲ್ಲಿ ಒಂದೇ ಎಂದು ಸಾಧಿಸಲಾಗದು.

ಅಂಗಸಾಧನೆಗೆ ಸಂಬಂಧಪಟ್ಟ ಇತರ ಕನ್ನಡ ಶಬ್ದಗಳೂ ಚರಿತ್ರೆಯನ್ನು ತಿಳಿಸುತ್ತವೆ. ‘ಜಟ್ಟಿ’ಯು ಸಂಸ್ಕೃತದ ‘ಜ್ಯೇಷ್ಠಿ’ಯ ತದ್ಭವ. ಕುಸ್ತಿ, ಪೈಲ್ವಾನ, ವಸ್ತಾದಿ ಎಂಬಿವು ಪಾರಸಿಯಿಂದಲೂ, ತಾಲೀಮು ಎಂಬುದು ಅರಬ್ಬಿಯಿಂದ ಪಾರಸಿಯ ಮೂಲಕವೂ ಬಂದವು. ಪಟ್ಟು, ವರಸೆ, ಗರಡಿಗಳು ದೇಶ್ಯಗಳು. ಒಂದರ ಮೇಲೊಂದು ಕುಳಿತ ಈ ಮೂರು ಪದರಗಳು, ಆಳುವವರು ಬದಲಾದಂತೆ ಗುರುಗಳ ಬಿರುದುಗಳು ಬದಲಾದರೂ ಮನೆಯ ಹೆಸರೂ ಕೈಯ ಹಿಡಿತದ ಹೆಸರೂ ಬದಲಾಗಲಿಲ್ಲವೆಂಬುದನ್ನು ತೋರಿಸುತ್ತವೆ.

೩

ಕನ್ನಡ ಅರಸರ ಆಸ್ಥಾನಗಳಲ್ಲಿ ಮಲ್ಲವಿದ್ಯೆಯು ಹೇಗೆ ನಡೆಯುತ್ತಿದ್ದಿತೆಂಬುದಕ್ಕೆ ಲಿಖಿತ ಪ್ರಮಾಣಗಳ ಕೊರತೆಯಿಲ್ಲ. ಪಂಪನ ವಿಕ್ರಮಾರ್ಜುನವಿಜಯವು (೯೪೧) ರಾಜಕುಮಾರರು ದ್ರೋಣನಲ್ಲಿ ಪಡೆದ ಶಿಕ್ಷಣವನ್ನೂ, ಸಭೆಯ ಮುಂದೆ ಅದರ ಪ್ರದರ್ಶನವನ್ನೂ ಚಿತ್ರಿಸುತ್ತದೆ. ಆ ಪ್ರದರ್ಶನದ ನಡುವೆ ಕರ್ಣನ ಕುಲವನ್ನು ಕೇಳಿದ ಮಾತು, ವಿದ್ಯೆಯು ಯಾರಿಗೆ ಸಲ್ಲತಕ್ಕದ್ದೆಂಬ ಪ್ರಶ್ನೆಯನ್ನು ಕನ್ನಡ ಸಾಹಿತ್ಯದ ಮೊದಲ ಮಹಾಕಾವ್ಯದಲ್ಲಿಯೇ ಎತ್ತಿದೆ. ಕಲ್ಯಾಣದ ಚಾಲುಕ್ಯನಾದ ಮೂರನೆಯ ಸೋಮೇಶ್ವರನು (ಆಳಿಕೆ ೧೧೨೭–೧೧೩೮) ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲವಿನೋದವೆಂಬ ಪ್ರಕರಣವೇ ಉಂಟು. ಅದರಲ್ಲಿ ಮಲ್ಲರ ವರ್ಗಗಳು, ಅವರಿಗೆ ಕೊಡತಕ್ಕ ಆಹಾರ, ಅವರು ಮಾಡತಕ್ಕ ಶ್ರಮಗಳು ಹೇಳಲ್ಪಟ್ಟಿವೆ. ಭಾರವನ್ನೆತ್ತುವುದು ಭಾರಶ್ರಮ, ನಡೆದೋಡುವುದು ಭ್ರಮಣಶ್ರಮ, ಈಜುವುದು ಸಲಿಲಶ್ರಮ, ಕಂಬವನ್ನು ಹಿಡಿದು ಮಾಡುವುದು ಸ್ತಂಭಶ್ರಮ. ಇವಲ್ಲದೆ ತೋಳುಗಳ ಬಲಕ್ಕಾಗಿ ಬೇರೆ ಅಭ್ಯಾಸವುಂಟು. ಇಂದಿನ ಗರಡಿಯ ಕಲ್ಲುಗುಂಡಿಗೂ ಮಲ್ಲಕಂಬಕ್ಕೂ ಎಂಟುನೂರು ವರ್ಷಕ್ಕೆ ಮೀರಿದ ಪರಂಪರೆಯುಂಟೆಂಬುದು ಇದರಿಂದ ಸ್ಪಷ್ಟ.

ವಿಜಯನಗರಕ್ಕೆ ೧೫೨೦ರ ಸುಮಾರಿಗೆ ಬಂದ ಪೋರ್ಚುಗೀಸ ಪ್ರವಾಸಿ ದೊಮಿಂಗೊ ಪಾಯಸನು ಕೃಷ್ಣದೇವರಾಯನ ದಿನಚರಿಯನ್ನು ವರ್ಣಿಸಿದ್ದಾನೆ. ಅರಸನು ನಸುಕಿನಲ್ಲಿ ಎಳ್ಳೆಣ್ಣೆಯನ್ನು ಕುಡಿದು, ಮೈಗೆಲ್ಲ ಅದನ್ನೇ ಹಚ್ಚಿ, ಸೊಂಟಕ್ಕೆ ಚಿಕ್ಕ ಬಟ್ಟೆಯನ್ನು ಬಿಗಿದು, ಮಣ್ಣಿನಿಂದ ಮಾಡಿದ ಭಾರಗಳನ್ನು ತೋಳಿನಲ್ಲಿ ಎತ್ತುವನು. ಎಣ್ಣೆಯು ಬೆವರಾಗಿ ಹರಿಯುವ ತನಕ ಕತ್ತಿಯನ್ನು ತಿರುಗಿಸುವನು. ಆಮೇಲೆ ತನ್ನ ಮಲ್ಲರಲ್ಲಿ ಒಬ್ಬನೊಡನೆ ಹೋರುವನು. ಕತ್ತಿಯ ಅಭ್ಯಾಸವೂ ಮಲ್ಲಯುದ್ಧವೂ ಒಂದೇ ಸಾಧನೆಯ ಎರಡು ಭಾಗಗಳಾಗಿದ್ದುವೆಂಬುದು ಇಲ್ಲಿ ಗಮನಿಸತಕ್ಕ ವಿಷಯ. ಇವೆರಡೂ ಬೇರೆಯಾದುದು ಆಯುಧಗಳು ಜನರ ಕೈಬಿಟ್ಟ ಮೇಲೆ.

ಮೈಸೂರಿನ ಜಟ್ಟಿಗಳ ವಜ್ರಮುಷ್ಟಿ ಕಾಳಗವು ಈ ಹಳೆಯ ಕೂಡಿಕೆಯ ಒಂದು ಶೇಷ. ವಿಜಯದಶಮಿಯ ದಿನ ಅರಮನೆಯ ಅಂಗಳದಲ್ಲಿ ತಲೆಬೋಳಿಸಿಕೊಂಡ ಜಟ್ಟಿಗಳು ಬಲಗೈಯ ಬೆರಳುಗಳಿಗೆ ಮೊನೆಗಳುಳ್ಳ ವಜ್ರಮುಷ್ಟಿಯನ್ನು ತೊಟ್ಟು ಎದುರಾಗುತ್ತಾರೆ. ಬಲಗೈಯು ಹೊಡೆಯುವುದಕ್ಕೆ, ಎಡಗೈಯು ಹಿಡಿಯುವುದಕ್ಕೆ. ಎದುರಾಳಿಯ ತಲೆಯಲ್ಲಿ ಮೊದಲ ನೆತ್ತರು ಕಂಡೊಡನೆ ಕಾಳಗವು ನಿಲ್ಲುತ್ತದೆ. ಪೆಟ್ಟನ್ನೂ ಪಟ್ಟನ್ನೂ ಒಂದೇ ಮೈಯಲ್ಲಿ ಬಲ್ಲವರ ವಿದ್ಯೆ ಇದು. ಅರಮನೆಯ ಆಶ್ರಯದಲ್ಲಿ ಹಬ್ಬದ ಅಂಗವಾಗಿ ನಿಂತುದರಿಂದಲೇ ಉಳಿಯಿತು.

ಕರಾವಳಿಯ ಕಡೆಗೆ ಬಂದರೆ, ೧೫೧೬ರ ಸುಮಾರಿಗೆ ಬರೆದ ದುವಾರ್ತೆ ಬಾರ್ಬೋಸನು ಮಲೆಯಾಳದ ನಾಯರ ಹುಡುಗರು ಏಳನೆಯ ವಯಸ್ಸಿನಲ್ಲಿಯೇ ಶಾಲೆಗೆ ಹೋಗಿ ಮೈಯನ್ನು ಬಾಗಿಸಿ ಬಳುಕಿಸುವ ಅಭ್ಯಾಸವನ್ನು ಮೊದಲುಮಾಡಿ, ಆಮೇಲೆ ಆಯುಧಗಳಿಗೆ ಕೈಹಾಕುವರೆಂದು ಹೇಳುತ್ತಾನೆ. ಇಂದು ಉಳಿದಿರುವ ಕಳರಿಯ ಕ್ರಮವೂ ಇದೇ. ನೆಲವನ್ನು ಅಗೆದು ಮಾಡಿದ ಕುಳಿಯ ಉದ್ದ ೪೨ ಅಡಿ, ಅಗಲ ೨೧ ಅಡಿ. ನೈರುತ್ಯ ಮೂಲೆಯಲ್ಲಿ ಏಳು ಮೆಟ್ಟಿಲಿನ ಪೂತ್ತರ. ಶಿಷ್ಯನು ಅದಕ್ಕೆ ನಮಿಸಿಯೇ ಅಭ್ಯಾಸಕ್ಕಿಳಿಯಬೇಕು. ಮೊದಲು ಮೈಯ ವರಸೆಗಳು, ಆಮೇಲೆ ಕೋಲು, ಆಮೇಲೆ ಲೋಹದ ಆಯುಧ, ಕಡೆಯಲ್ಲಿ ಬರಿಗೈ. ಬರಿಗೈಯ ವಿದ್ಯೆಯನ್ನು ಕೊನೆಗೆ ಕಲಿಸುವುದಕ್ಕೆ ಕಾರಣವುಂಟು: ಮರ್ಮಗಳನ್ನು ಅರಿತವನೇ ಬರಿಗೈಯಿಂದ ಆಯುಧವನ್ನು ಎದುರಿಸಬಲ್ಲನು; ಮರ್ಮಜ್ಞಾನವನ್ನು ನಂಬಿಕೆಗೆ ತಕ್ಕ ಶಿಷ್ಯನಿಗಲ್ಲದೆ ಕೊಡಲಾಗದು. ಈ ಕಳರಿಯ ಸಂಪ್ರದಾಯಗಳಲ್ಲಿ ಒಂದಕ್ಕೆ ‘ತುಳುನಾಡನ್’ ಎಂಬ ಹೆಸರಿರುವುದು ವಿಶೇಷ. ನೆರೆನಾಡಿನವರೇ ಒಂದು ವರಸೆಗೆ ತುಳುನಾಡಿನ ಹೆಸರನ್ನು ಇಟ್ಟುಕೊಂಡಿರಬೇಕಾದರೆ, ತುಳುನಾಡಿನಲ್ಲಿ ಹೆಸರಿಗೆ ಬಂದ ವಿದ್ಯೆಯೊಂದು ಇದ್ದಿತೆಂದು ಒಪ್ಪಬೇಕಾಗುತ್ತದೆ.

೪

ಈಗ ಪ್ರಕೃತ ಸೀಮೆಗೆ ಬರಬಹುದು. ಕೋಟಿ ಚೆನ್ನಯರ ಕಥೆಯು ನಡೆದ ಮೂರು ಮುಖ್ಯ ನೆಲೆಗಳು ಪಡುಮಲೆ, ಪಂಜ, ಎಣ್ಮೂರು. ಪಡುಮಲೆಯು ಪುತ್ತೂರು ತಾಲೂಕಿನಲ್ಲಿದೆ. ಪಂಜವು ಸುಳ್ಯಕ್ಕೆ ಸೇರಿದೆ. ಎಣ್ಮೂರು ಮೊದಲು ಸುಳ್ಯದಲ್ಲಿದ್ದು, ೨೦೧೮ರಲ್ಲಿ ಕಡಬವು ಬೇರೆ ತಾಲೂಕಾದ ಬಳಿಕ ಅದಕ್ಕೆ ಸೇರಿತು. ಸುಳ್ಯವು ತಾನೇ ಹಿಂದೆ ಪುತ್ತೂರಿನ ಭಾಗವಾಗಿದ್ದಿತು. ಹೀಗೆ ಇಂದಿನ ಮೂರು ತಾಲೂಕುಗಳ ಗಡಿಗಳು ಕಥೆಯ ಕಾಲಕ್ಕೆ ಸಲ್ಲತಕ್ಕವಲ್ಲ; ಅಂದಿನ ಗಡಿಗಳು ಬಲ್ಲಾಳರ ಬೀಡುಗಳ ಗಡಿಗಳು. ಒಂದು ದಿನದ ನಡಿಗೆಯೊಳಗೆ ಒಬ್ಬ ಬಲ್ಲಾಳನ ಸೀಮೆಯಿಂದ ಇನ್ನೊಬ್ಬನ ಸೀಮೆಗೆ ದಾಟಬಹುದಾಗಿದ್ದ ನಾಡಿನಲ್ಲಿ, ಆಯುಧವನ್ನು ಬಲ್ಲ ಆಳಿಗೆ ಎಲ್ಲಿಯೂ ಅಗತ್ಯವಿದ್ದಿತು. ಎಲ್ಲಿಯೂ ಶಂಕೆಯೂ ಇದ್ದಿತು.

ಕಥೆಯ ಆಧಾರವು ಪಾಡ್ದನ. ಬಾಸೆಲ್ ಮಿಶನಿನ ಮೆನ್ನರರು ೧೮೮೬ರಲ್ಲಿ ಮಂಗಳೂರಿನಲ್ಲಿ ಪಾಡ್ದನಗಳನ್ನು ಅಚ್ಚುಮಾಡಿಸಿದರು. ಬರ್ನೆಲರು ಕೂಡಿಸಿಟ್ಟ ಭೂತಾರಾಧನೆಯ ಸಾಮಗ್ರಿಯು ಅವರು ತೀರಿಕೊಂಡ ಮೇಲೆ ೧೮೯೪ರಿಂದ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟವಾಯಿತು. ಪಂಜೆ ಮಂಗೇಶರಾಯರು (೧೮೭೪–೧೯೩೭) ಕನ್ನಡ ಗದ್ಯದಲ್ಲಿ ಈ ಕಥೆಯನ್ನು ಬರೆದು, ತುಳುವನ್ನರಿಯದ ಕನ್ನಡಿಗರಿಗೂ ಅದನ್ನು ಪರಿಚಯಮಾಡಿಕೊಟ್ಟರು. ಬಾಯಿಂದ ಬಾಯಿಗೆ ಬಂದ ಹಾಡಿನಲ್ಲಿ ಪಾಠಾಂತರಗಳು ಬಹಳ. ಆದರೆ ಕಥೆಯ ಎಲುಬು ಎಲ್ಲೆಡೆಯೂ ಒಂದೇ.

ಪಡುಮಲೆಯ ಬಲ್ಲಾಳನ ಕಾಲಿಗೆ ಮುಳ್ಳು ನಟ್ಟು ಹುಣ್ಣಾಗಿ, ಯಾರ ಮದ್ದೂ ಹಿಡಿಯದಿರಲು, ದೇಯಿಬೈದೆತಿಯೆಂಬವಳು ಬಂದು ವಾಸಿಮಾಡಿದಳು. ಅವಳು ತುಂಬಿದ ಬಸುರಿಯಾಗಿದ್ದಳು. ಬಲ್ಲಾಳನು ಉಡುಗೊರೆಯ ಮಾತು ಕೊಟ್ಟನು. ಅವಳಿಮಕ್ಕಳನ್ನು ಹೆತ್ತ ಅವಳು ಬೇಗನೆ ತೀರಿಕೊಂಡಳು. ಮಕ್ಕಳು ಸೋದರಮಾವನಾದ ಸಾಯನ ಬೈದ್ಯನ ಆಸರೆಯಲ್ಲಿ ಬೆಳೆದರು. ಹುಡುಗರ ಆಟದಲ್ಲಿ ಹುಟ್ಟಿದ ಜಗಳವು ಮಲ್ಲಯ್ಯ ಬುದ್ಧಿವಂತನೆಂಬ ಅಧಿಕಾರಿಯೊಡನೆ ಹಗೆಯಾಯಿತು. ಹಗೆಯು ಗದ್ದೆಯ ನೀರಿನವರೆಗೆ ಹೋಯಿತು. ಗದ್ದೆಯಲ್ಲಿಯೇ ಬುದ್ಧಿವಂತನು ಹತನಾದನು. ತಾಯಿಗೆ ಕೊಟ್ಟ ಮಾತನ್ನು ನಡೆಸಿಕೊಡೆಂದು ಸಹೋದರರು ಕೇಳಿದಾಗ ಬಲ್ಲಾಳನು ಒಪ್ಪಲಿಲ್ಲ. ಅವರು ಪಡುಮಲೆಯನ್ನು ಬಿಟ್ಟರು. ದಾರಿಯಲ್ಲಿ ಸುಂಕದ ಕಟ್ಟೆಯ ದೇರೆಯು ತಡೆದನು. ಪಂಜದಲ್ಲಿ ಆಶ್ರಯವು ಬಂಧನವಾಯಿತು. ಎಣ್ಮೂರಿನಲ್ಲಿ ದೇವಬಲ್ಲಾಳನು ನೆಲೆಯನ್ನು ಕೊಟ್ಟನು. ಕಡೆಗೆ ಬಲ್ಲಾಳರೊಳಗಿನ ಕಾಳಗದಲ್ಲಿ ಕೋಟಿಯು ಬಾಣಕ್ಕೆ ಬಿದ್ದನು. ಅಣ್ಣನಿಲ್ಲದ ಬಾಳನ್ನು ಒಲ್ಲದೆ ಚೆನ್ನಯನು ತನ್ನ ಪ್ರಾಣವನ್ನು ತಾನೇ ನೀಗಿದನು. ಅವರ ಹೆಸರಿನಲ್ಲಿ ಮೊದಲು ಎದ್ದ ಗರಡಿಯು ಎಣ್ಮೂರಿನದೆಂದು ಸಂಪ್ರದಾಯ. ಅದನ್ನು ಆದಿಗರಡಿಯೆಂದೇ ಕರೆಯುತ್ತಾರೆ.

ಪಾಡ್ದನವು ವರಸೆಗಳ ಕೈಪಿಡಿಯಲ್ಲ; ಯಾವ ಪಟ್ಟಿಗೆ ಯಾವ ಬಿಡುಗಡೆಯೆಂದು ಅದರಲ್ಲಿ ಹುಡುಕುವವನಿಗೆ ನಿರಾಶೆಯೇ ಗತಿ. ಆದರೆ ವಿದ್ಯೆಗೆ ಸಮಾಜದಲ್ಲಿದ್ದ ಬೆಲೆಯನ್ನು ಅದು ಯಾವ ಶಾಸ್ತ್ರಗ್ರಂಥಕ್ಕಿಂತಲೂ ಚೆನ್ನಾಗಿ ತಿಳಿಸುತ್ತದೆ. ಸಹೋದರರು ಮೂರ್ತೆಯ ಕಸುಬಿನ ಕುಲದವರು. ಅವರ ಕೈಯಲ್ಲಿ ಕಬ್ಬಿಣವಿದ್ದುದು ತಾಳೆಯ ಹೊಂಬಾಳೆಯನ್ನು ಕೊಯ್ಯುವುದಕ್ಕೆ ಮಾತ್ರವೆಂದು ನೆರೆಯವರು ಎಣಿಸಬಹುದಾಗಿದ್ದಿತು. ಅವರು ಸುರಿಯವನ್ನು ಹಿಡಿದು, ಬಲ್ಲಾಳನ ಚಾವಡಿಯಲ್ಲಿ ನಿಂತು, ಕೊಟ್ಟ ಮಾತನ್ನು ಕೇಳುತ್ತಾರೆ. ಚೆನ್ನಯನು ಮುಂಗೋಪಿ, ಕೋಟಿಯು ತಾಳ್ಮೆಯವನು. ಒಬ್ಬನ ಕೈ ಏಳುವುದು, ಇನ್ನೊಬ್ಬನು ತಡೆಯುವುದು ಕಥೆಯುದ್ದಕ್ಕೂ ಕಾಣುತ್ತದೆ. ಆಯುಧವಿದ್ಯೆಯನ್ನು ಕಲಿತವನಿಗೆ ಹೊಡೆಯುವುದರಷ್ಟೇ ತಡೆದುಕೊಳ್ಳುವುದೂ ಶಿಕ್ಷಣದ ಭಾಗವೆಂಬುದನ್ನು ಎರಡು ಮೈಗಳಲ್ಲಿ ಹಂಚಿ ಹೇಳಿದಂತಿದೆ ಇದು.

೫

ಗರಡಿಯೆಂಬ ದೇವಸ್ಥಾನದಲ್ಲಿ ಸಾಧನೆಯ ಮನೆಯ ಗುರುತುಗಳು ಯಾವುವು ಉಳಿದಿವೆ? ಮೊದಲನೆಯದು ಹೆಸರು. ಎರಡನೆಯದು ಸುರಿಯ. ಇದು ಸಂಸ್ಕೃತದ ‘ಛುರಿಕಾ’, ಕನ್ನಡದ ‘ಸುರಗಿ’, ‘ಸುರಿಗೆ’ಗಳ ಬಳಗದ ಶಬ್ದ, ಕಿರಿಯ ಕತ್ತಿಗೆ ಹೆಸರು. ನೇಮದ ಕಾಲದಲ್ಲಿ ಬೈದರ್ಕಳ ದರ್ಶನವನ್ನು ಹೊತ್ತ ಪಾತ್ರಿಗಳು ಸುರಿಯವನ್ನು ಹಿಡಿದು, ಅದರ ಮೊನೆಯನ್ನು ತಮ್ಮ ಮೈಗೇ ಒತ್ತಿಕೊಂಡು ಆವೇಶದಲ್ಲಿ ಹೆಜ್ಜೆಹಾಕುತ್ತಾರೆ. ದೂರದಿಂದ ಎಸೆಯುವ ಆಯುಧವಲ್ಲ ಇದು. ಮೈಗೆ ಮೈ ತಾಗುವ ಕಾಳಗದ ಆಯುಧ. ಇದನ್ನು ಬಳಸಬೇಕಾದವನಿಗೆ ಎದುರಾಳಿಯ ಕೈಯನ್ನು ಹಿಡಿಯುವುದೂ ಬಿಡಿಸಿಕೊಳ್ಳುವುದೂ ತಿಳಿದಿರಬೇಕು. ಮೂರನೆಯದು, ಬೆರ್ಮೆರು ಕುದುರೆಯನ್ನೇರಿದ ಯೋಧನ ರೂಪದಲ್ಲಿರುವುದು.

ಇಲ್ಲಿ ಎರಡು ಅತಿವ್ಯಾಪ್ತಿಗಳನ್ನು ಪರಿಹರಿಸಿಕೊಳ್ಳಬೇಕು. ಇಂದು ತುಳುನಾಡಿನಲ್ಲಿರುವ ಒಂದೊಂದು ಗರಡಿಯೂ ಹಿಂದೆ ವ್ಯಾಯಾಮಶಾಲೆಯಾಗಿದ್ದಿತೆಂದು ಕೆಲವರು ಹೇಳುವುದುಂಟು. ಅದು ನಿಲ್ಲತಕ್ಕ ಮಾತಲ್ಲ. ಪರಂಪರೆಯು ಎಣಿಸುವ ೬೬ ಗರಡಿಗಳೇ ಆಗಲಿ, ಆಮೇಲೆ ಕಟ್ಟಿದ ಅನೇಕ ಗರಡಿಗಳೇ ಆಗಲಿ, ವೀರರು ಗತಿಸಿದ ಮೇಲೆ ಅವರ ಆರಾಧನೆಗಾಗಿ ಎದ್ದವು. ಇದಕ್ಕೆ ವಿರುದ್ಧವಾಗಿ, ಗರಡಿಯು ಮೊದಲಿನಿಂದಲೂ ದೇವಸ್ಥಾನವೇ, ಸಾಧನೆಗೂ ಅದಕ್ಕೂ ಸಂಬಂಧವಿಲ್ಲವೆಂಬ ವಾದವೂ ಉಂಟು. ಅದೂ ಸಲ್ಲದು. ತುಳುನಾಡಿನಲ್ಲಿ ದೈವಗಳ ನೆಲೆಗೆ ಸಾನ, ಗುಡಿ, ಮಾಡ, ಚಾವಡಿ, ಕಟ್ಟೆ ಎಂದು ಬೇಕಾದಷ್ಟು ಹೆಸರುಗಳಿವೆ. ಅವುಗಳನ್ನೆಲ್ಲ ಬಿಟ್ಟು ಬೈದರ್ಕಳ ನೆಲೆಗೆ ಮಾತ್ರ ಗರಡಿಯೆಂಬ ಹೆಸರನ್ನು ಆರಿಸಿಕೊಂಡವರು, ಗರಡಿಯೆಂದರೆ ಏನೆಂಬುದನ್ನು ಕಣ್ಣಾರೆ ಕಂಡವರಾಗಿರಬೇಕು. ಆದುದರಿಂದ ಹೇಳಬಹುದಾದುದು ಇಷ್ಟು: ಆರಾಧನೆಯ ಗರಡಿಗಿಂತ ಮೊದಲು ಸಾಧನೆಯ ಗರಡಿಯಿದ್ದಿತು, ಮೊದಲನೆಯ ಆರಾಧನಾಸ್ಥಾನಕ್ಕೆ ಸಾಧನಾಸ್ಥಾನದ ಹೆಸರೇ ನಿಂತಿತು, ಮುಂದೆ ಕಟ್ಟಿದವುಗಳಿಗೆ ಆ ಹೆಸರು ರೂಢಿಯಿಂದ ಬಂದಿತು.

ಸಾಧನೆಯ ಮನೆಯು ಆರಾಧನೆಯ ಮನೆಯಾಗುವುದಕ್ಕೆ ಬಹು ದೂರ ಹೋಗಬೇಕಾಗಿಯೂ ಇರಲಿಲ್ಲ. ಕಳರಿಯಲ್ಲಿ ಪೂತ್ತರವಿದೆ, ಮೈಸೂರಿನ ಗರಡಿಯಲ್ಲಿ ಮಣ್ಣಿಗೆ ಪೂಜೆ ನಡೆಯುತ್ತದೆ. ಗುರುವು ಕಲಿಸುವವನೂ ಹೌದು, ದೀಪವಿಡುವವನೂ ಹೌದು, ಮುರಿದ ಎಲುಬನ್ನು ಕಟ್ಟುವವನೂ ಹೌದು. ತುಳುನಾಡಿನ ಬಿಲ್ಲವರ ಹೆಸರುಗಳಲ್ಲಿಯೇ ಈ ಮೂರು ಕಾರ್ಯಗಳು ಉಳಿದಿವೆ. ‘ಬಿಲ್ಲವ’ ಎಂಬುದು ಬಿಲ್ಲನ್ನು ಹಿಡಿದವರೆಂಬ ಅರ್ಥದಿಂದ ಬಂದುದೆಂದೂ, ಹಿಂದಿನ ಅರಸರು ಇವರನ್ನು ಬಿಲ್ಲಾಳುಗಳಾಗಿ ಇಟ್ಟುಕೊಂಡಿದ್ದರೆಂದೂ ೧೮೯೪ರ ದಕ್ಷಿಣಕನ್ನಡ ಜಿಲ್ಲೆಯ ಕೈಪಿಡಿಯು ಸೂಚಿಸುತ್ತದೆ. ‘ಬೈದ್ಯ’ ಎಂಬುದು ವೈದ್ಯದ ತದ್ಭವ. ‘ಪೂಜಾರಿ’ ಎಂಬುದು ಸ್ಪಷ್ಟವೇ ಆಗಿದೆ. ಕಥೆಯೂ ಇದಕ್ಕೆ ಹೊಂದುತ್ತದೆ: ತಾಯಿಯು ಹುಣ್ಣನ್ನು ಮಾಯಿಸಿದವಳು; ಮಕ್ಕಳು ಸುರಿಯವನ್ನು ಹಿಡಿದವರು; ಮೂವರೂ ಈಗ ಪೂಜೆಗೊಳ್ಳುವವರು. ಪಡುಮಲೆಯ ಸೀಮೆಯಲ್ಲಿ ದೇಯಿಬೈದೆತಿಯ ಹೆಸರಿನಲ್ಲಿ ಔಷಧಿವನವೊಂದು ಬೆಳೆದಿರುವುದೂ, ಗೆಜ್ಜೆಗಿರಿ ನಂದನಬಿತ್ತಿಲಿನಲ್ಲಿ ೨೦೨೦ರಲ್ಲಿ ಬ್ರಹ್ಮಕಲಶವು ನಡೆದುದೂ ಈ ಸ್ಮರಣೆಯ ಬಲವನ್ನು ತೋರಿಸುತ್ತವೆ.

೬

ಇನ್ನುಳಿದುದು ಸಾಧನೆಯ ಗರಡಿಯು ಏಕೆ ಅಳಿಯಿತೆಂಬ ಪ್ರಶ್ನೆ. ವಿದ್ಯೆಯು ತಾನಾಗಿಯೇ ಸಾಯುವುದಿಲ್ಲ. ಅದಕ್ಕೆ ಮೂರು ಆಧಾರಗಳು ಬೇಕು: ಅನ್ನವನ್ನು ಕೊಡುವ ಆಶ್ರಯ, ಪ್ರಯೋಗಿಸುವ ಅವಕಾಶ, ಹಿಡಿಯಲು ಆಯುಧ. ತುಳುನಾಡಿನಲ್ಲಿ ಇವು ಒಂದಾದ ಮೇಲೊಂದು ಹೋದುವು.

ಆಶ್ರಯವು ಮೊದಲು ಹೋಯಿತು. ಕೆಳದಿಯ ನಾಯಕರ ಆಳಿಕೆಯಲ್ಲಿ ಬಲ್ಲಾಳರೂ ತುಂಡರಸರೂ ಕುಗ್ಗಿದರು. ೧೭೬೩ರಲ್ಲಿ ಬಿದನೂರು ಹೈದರನ ವಶವಾಯಿತು. ೧೭೯೯ರಲ್ಲಿ ಟಿಪ್ಪುವಿನ ಪತನದೊಡನೆ ಕನ್ನಡ ಜಿಲ್ಲೆಯು ಕಂಪೆನಿಗೆ ಸೇರಿತು. ಮೊದಲ ಕಲೆಕ್ಟರರಾದ ಮನ್ರೋ ಅವರು ಕಂದಾಯವನ್ನು ಭೂಮಿಯುಳ್ಳವರಿಂದ ನೇರವಾಗಿ ಗೊತ್ತುಮಾಡಿದರು. ಹಳೆಯ ಅರಸುಮನೆತನಗಳು ವರ್ಷಾಶನಕ್ಕೆ ಇಳಿದುವು. ಆಳುಗಳನ್ನು ಇಟ್ಟುಕೊಳ್ಳುವ ಬಲ್ಲಾಳನೇ ಇಲ್ಲವಾದ ಮೇಲೆ ಆಳುಗಳಿಗೆ ಸಾಧನೆಯಿಂದ ಪ್ರಯೋಜನವೇನು?

ಅವಕಾಶವು ಕಡೆಯ ಬಾರಿಗೆ ೧೮೩೭ರಲ್ಲಿ ಬಂದಿತು. ಅಮರ ಸುಳ್ಯ ಸೀಮೆಯು ೧೮೩೪ರವರೆಗೆ ಕೊಡಗಿನ ಹಾಲೇರಿ ಅರಸರದಾಗಿದ್ದು, ಕೊಡಗು ಕಂಪೆನಿಯ ವಶವಾದ ಮೇಲೆ ಕನ್ನಡ ಜಿಲ್ಲೆಗೆ ಸೇರಿಸಲ್ಪಟ್ಟಿತು. ಕಂದಾಯವನ್ನು ಹಣದಲ್ಲಿಯೇ ಸಲ್ಲಿಸಬೇಕೆಂಬ ಹೊಸ ಕಟ್ಟಳೆಯು ರೈತರನ್ನು ಕೆರಳಿಸಿತು. ಕೆದಂಬಾಡಿ ರಾಮಯ್ಯಗೌಡರೇ ಮೊದಲಾದವರ ನಾಯಕತ್ವದಲ್ಲಿ, ಕಲ್ಯಾಣಸ್ವಾಮಿಯೆಂಬವನನ್ನು ಮುಂದಿಟ್ಟುಕೊಂಡು ಎದ್ದ ಜನರು ಮಾರ್ಚಿ ತಿಂಗಳ ಕೊನೆಯಲ್ಲಿ ಬೆಳ್ಳಾರೆಯ ಖಜಾನೆಯನ್ನು ಹಿಡಿದರು. ಏಪ್ರಿಲ್ ೫ರಂದು ಮಂಗಳೂರನ್ನು ಸೇರಿ ೧೩ ದಿನಗಳ ಕಾಲ ಅದನ್ನು ತಮ್ಮ ಕೈಯಲ್ಲಿ ಇಟ್ಟುಕೊಂಡರು. ಕಂಪೆನಿಯ ಪಡೆಯು ಬಂದಮೇಲೆ ಗಲ್ಲುಗಳೂ ಗಡೀಪಾರುಗಳೂ ನಡೆದುವು. ಈ ದಂಗೆಯಲ್ಲಿ ಬೇರೆ ಬೇರೆ ಕುಲಗಳ ಒಕ್ಕಲುಮಕ್ಕಳು ಆಯುಧವೆತ್ತಿ ಕೂಡಿದರು. ನೇಗಿಲಿನ ಜನರಿಗೆ ಕತ್ತಿಯು ಇನ್ನೂ ಮರೆತುಹೋಗಿರಲಿಲ್ಲವೆಂಬುದಕ್ಕೆ ಇದೇ ಸಾಕ್ಷಿ. ಬಂದೂಕಿನ ಪಡೆಯ ಮುಂದೆ ಕತ್ತಿಯ ಕಾಲವು ಮುಗಿಯಿತೆಂಬುದಕ್ಕೂ ಇದೇ ಸಾಕ್ಷಿ.

ಆಯುಧವು ಕೊನೆಗೆ ಹೋಯಿತು. ಮಲೆಯಾಳದಲ್ಲಿ ಪಳಶ್ಶಿರಾಜನ ದಂಗೆಯ ಕಾಲದಲ್ಲಿ, ೧೮೦೪ರ ಸುಮಾರಿಗೆ, ಜನರಿಂದ ಆಯುಧಗಳನ್ನು ಕಿತ್ತುಕೊಳ್ಳುವ ಕ್ರಮವು ಮೊದಲಾಗಿದ್ದಿತು. ೧೮೭೮ರ ಆಯುಧ ಕಾಯಿದೆಯು ಇಡೀ ದೇಶಕ್ಕೆ ಅಪ್ಪಣೆಚೀಟಿಯ ಕಟ್ಟನ್ನು ಹಾಕಿತು. ಇಲ್ಲಿ ನೆರೆಯ ಕೊಡಗಿನೊಡನೆ ಹೋಲಿಸಿದರೆ ಕಾರಣವು ಇನ್ನೂ ವಿಶದವಾಗುತ್ತದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಈ ಕಾಯಿದೆಯಿಂದ ವಿನಾಯಿತಿ ದೊರೆಯಿತು. ಅಲ್ಲಿ ಕೋವಿಯೂ ಒಡಿಕತ್ತಿಯೂ ಮನೆಯಲ್ಲಿಯೇ ಉಳಿದು, ಕೈಲ್‌ಮುಹೂರ್ತದ ದಿನ ಪೂಜೆಗೊಂಡು, ಪೂಜೆಯಾದ ಮೇಲೆ ಹಿಂದೆ ಬೇಟೆಗೂ ಹೊರಡುತ್ತಿದ್ದುವು, ಈಗ ಗುರಿಯಾಟಕ್ಕೆ ಹೊರಡುತ್ತವೆ. ಘಟ್ಟದ ಕೆಳಗೆ, ಮೂರು ವರ್ಷಗಳ ಹಿಂದಿನವರೆಗೆ ಅದೇ ಅರಸರ ಪ್ರಜೆಗಳಾಗಿದ್ದು ದಂಗೆಯೆದ್ದ ಸೀಮೆಯಲ್ಲಿ, ಅಂಥ ವಿನಾಯಿತಿಯಿರಲಿಲ್ಲ. ಆಯುಧವು ಪೂಜೆಯನ್ನು ಮಾತ್ರ ಉಳಿಸಿಕೊಂಡಿತು. ಕೊಡಗಿನಲ್ಲಿ ಪೂಜೆಯೂ ಪ್ರಯೋಗವೂ ಜೊತೆಯಲ್ಲಿ ನಿಂತುವು. ಪುತ್ತೂರು ಸುಳ್ಯಗಳಲ್ಲಿ ಪ್ರಯೋಗವು ಹೋಗಿ ಪೂಜೆಯು ನಿಂತಿತು. ಮೈಸೂರಿನಲ್ಲಿ ಅರಮನೆಯ ಆಶ್ರಯವಿದ್ದುದರಿಂದ ಮಲ್ಲಯುದ್ಧವೂ ವಜ್ರಮುಷ್ಟಿಯೂ ಬದುಕಿದುವು. ಒಂದೇ ಶಬ್ದದ ಎರಡು ಗತಿಗಳಿಗೆ ಸಮಾಧಾನವು ಇಲ್ಲಿಯ ಹೊರತು ಬೇರೆಲ್ಲಿಯೂ ಸಿಕ್ಕುವಂತಿಲ್ಲ.

ಆದರೆ ಪೂಜೆಯೊಂದೇ ಉಳಿದುದನ್ನು ನಷ್ಟವೆಂದು ಮಾತ್ರ ಎಣಿಸಲಾಗದು. ಬಿಲ್ಲವರಿಗೆ ದೊಡ್ಡ ದೇವಾಲಯಗಳ ಒಳಾಂಗಣವು ಮುಚ್ಚಿದ್ದ ಕಾಲದಲ್ಲಿ, ಅವರೇ ಅರ್ಚಕರಾಗಿ, ಅವರ ಕುಲದ ವೀರರೇ ದೇವತೆಗಳಾಗಿ ನಿಂತ ಸ್ಥಾನವು ಗರಡಿ. ನಾರಾಯಣಗುರುಗಳು ೧೯೧೨ರಲ್ಲಿ ಮಂಗಳೂರಿನ ಕುದ್ರೋಳಿಯಲ್ಲಿ ಗೋಕರ್ಣನಾಥನ ಪ್ರತಿಷ್ಠೆಯನ್ನು ಮಾಡುವುದಕ್ಕೆ ಎಷ್ಟೋ ಮೊದಲೇ ಈ ಸ್ವಾತಂತ್ರ್ಯವು ಗರಡಿಯಲ್ಲಿದ್ದಿತು. ಬಲ್ಲಾಳರ ವಂಶಗಳು ಕೂಡ ಅಲ್ಲಿಗೆ ಬಂದು ಕೈಮುಗಿದುವು. ಪಂಪನ ಕಾವ್ಯದಲ್ಲಿ ಕರ್ಣನಿಗೆ ಎದುರಾದ ಪ್ರಶ್ನೆಗೆ ತುಳುನಾಡಿನ ಜನಪದವು ಕೊಟ್ಟ ಉತ್ತರವೆಂದು ಇದನ್ನು ತಿಳಿಯಬಹುದು: ವಿದ್ಯೆಯನ್ನು ಕಲಿತವನ ಕುಲವನ್ನು ಬಲ್ಲಾಳನು ಎತ್ತಿ ಆಡಿದರೂ, ಅವನ ನೆಲೆಗೆ ಬಂದು ನಿಲ್ಲದೆ ಇರಲಾಗಲಿಲ್ಲ.

೭

ಮುಂದಿನ ಶೋಧನೆಗೆ ದಾರಿಗಳು ಮೂರು. ಪಾಡ್ದನದ ಪಾಠಾಂತರಗಳಲ್ಲಿ ಮೈಯ ಚಲನೆಗೂ ಆಯುಧಕ್ಕೂ ಸಂಬಂಧಪಟ್ಟ ಶಬ್ದಗಳನ್ನು ಪ್ರತ್ಯೇಕವಾಗಿ ಆರಿಸಬೇಕು. ನಾಟಿಯ ಗದ್ದೆಗಳಲ್ಲಿ ಹಾಡುವ ಹೆಂಗಸರ ಸಂಖ್ಯೆಯು ಇಳಿಯುತ್ತ ಬಂದಿರುವುದರಿಂದ ಈ ಕೆಲಸಕ್ಕೆ ಅವಸರವುಂಟು. ೧೯೮೮ರಿಂದ ೧೯೯೭ರವರೆಗೆ ಉಡುಪಿಯಲ್ಲಿ ಹೊರಬಂದ ತುಳು ನಿಘಂಟುವಿನ ಆರು ಸಂಪುಟಗಳು ಇದಕ್ಕೆ ಅಡಿಗಲ್ಲಾಗಬಲ್ಲವು. ಎರಡನೆಯದಾಗಿ, ಹಳೆಯ ಗರಡಿಗಳ ನೆಲಗಟ್ಟನ್ನೂ ದಿಕ್ಕನ್ನೂ ಅಳೆದು ಕಳರಿಯ ಅಳತೆಗಳೊಡನೆ ಹೋಲಿಸಬೇಕು. ಜೀರ್ಣೋದ್ಧಾರದಲ್ಲಿ ಹಳೆಯ ಪಾಯವು ಕಲ್ಲುಹಾಸಿನ ಕೆಳಗೆ ಮರೆಯಾಗುವುದಕ್ಕೆ ಮೊದಲೇ ಇದು ನಡೆಯತಕ್ಕದ್ದು. ಮೂರನೆಯದಾಗಿ, ಬೈದ್ಯರ ಮನೆತನಗಳಲ್ಲಿ ಎಲುಬು ಕಟ್ಟುವ, ಉಳುಕು ತೆಗೆಯುವ ನಾಟಿಮದ್ದಿನ ಪರಂಪರೆಯನ್ನು ಕಳರಿಯ ಮರ್ಮಚಿಕಿತ್ಸೆಯೊಡನೆ ಇಟ್ಟುನೋಡಬೇಕು. ಹೊಡೆಯುವ ವಿದ್ಯೆಯು ಮರೆತ ಕಡೆಯಲ್ಲಿಯೂ ಹೊಡೆತವನ್ನು ಮಾಯಿಸುವ ವಿದ್ಯೆಯು ಉಳಿದಿರುವುದು ಸಂಭವ. ಪಡುಮಲೆಯ ಕಥೆಯೂ ಮೊದಲಾಗುವುದು ಕತ್ತಿಯಿಂದಲ್ಲ, ಮುಳ್ಳು ನಟ್ಟ ಕಾಲಿಗೆ ಹಾಕಿದ ಮದ್ದಿನಿಂದ.